ಡೇಟನ್ ಕೋರ್ಟ್‌ಹೌಸ್ ನೋಡಲು ಹೋಗುವವರಿಗೆ: ಯಾವುದನ್ನು ಮೊದಲು, ಯಾವುದನ್ನು ಆಮೇಲೆ

ಶಾಲೆಯಲ್ಲಿ ವಿಕಾಸವಾದ ಕಲಿಸಿದನೆಂದು ಜಾನ್ ಸ್ಕೋಪ್ಸ್ ಎಂಬ ಮೇಷ್ಟರ ಮೇಲೆ 1925ರಲ್ಲಿ ಮೊಕದ್ದಮೆ ನಡೆದದ್ದು ಅಮೆರಿಕದ ಟೆನೆಸಿ ರಾಜ್ಯದ ಡೇಟನ್‌ನಲ್ಲಿ. ಡ್ಯಾರೋ ಮೇಷ್ಟರ ಪರ ವಕೀಲ, ಬ್ರಯಾನ್ ಸರ್ಕಾರದ ಪರ. ಆ ಊರಿಗೆ ಹೋಗಿಬಂದವರಲ್ಲಿ ಹೆಚ್ಚಿನವರು ಎರಡನೇ ಅಂತಸ್ತಿನ ಕೋರ್ಟ್ ಹಾಲಿನ ಫೋಟೊ ತೋರಿಸಿ, ‘ಡ್ಯಾರೋ ಬ್ರಯಾನ್‌ನನ್ನು ನೀರಿಳಿಸಿದ್ದು ಇಲ್ಲೇ’ ಎನ್ನುತ್ತಾರೆ. ಅಲ್ಲಿ ಅಲ್ಲ. ಅದು ನಡೆದದ್ದು ಕೆಳಗೆ ಹುಲ್ಲಿನ ಮೇಲೆ, ಮರಗಳ ಕೆಳಗೆ. ಇನ್ನೊಂದು ವಿಚಿತ್ರ: ತೀರ್ಪು ಕೊಡಬೇಕಿದ್ದ ಜ್ಯೂರಿಯ 12 ಮಂದಿಯನ್ನು ವಿಚಾರಣೆಯ ಬಹುಪಾಲು ಹೊತ್ತು ಹೊರಗೇ ಕಳಿಸಿದ್ದರು. ಈ ಕಟ್ಟಡವನ್ನು ನೋಡುವಾಗ ಯಾರು ಒಳಗಿದ್ದರು, ಯಾರು ಹೊರಗಿದ್ದರು ಎನ್ನುವ ಪ್ರಶ್ನೆಯನ್ನು ಕೈಬಿಡದೆ ಹಿಡಿದುಕೊಂಡರೆ ಸಾಕು, ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಮುಂದೆ ಹೇಳುವ ಕ್ರಮವೆಲ್ಲ ಅದಕ್ಕಾಗಿಯೇ.

ಹೊರಡುವ ಮೊದಲು

ಜಿಪಿಎಸ್‌ನಲ್ಲಿ ಬರೀ ‘ಡೇಟನ್’ ಎಂದು ಒತ್ತಬೇಡಿ. ಅಮೆರಿಕದಲ್ಲಿ ಡೇಟನ್ ಎಂದರೆ ಮೊದಲು ಬರುವುದು ಒಹಾಯೊ ರಾಜ್ಯದ ದೊಡ್ಡ ಊರು, ರೈಟ್ ಸಹೋದರರ ಊರು. ಅಟ್ಲಾಂಟದಿಂದ ಅದು ಇಡೀ ದಿನದ ದಾರಿ. ನಿಮಗೆ ಬೇಕಾದ ವಿಳಾಸ: 1475 ಮಾರ್ಕೆಟ್ ಸ್ಟ್ರೀಟ್, ಡೇಟನ್, ಟೆನೆಸಿ 37321. ಪಿನ್ ಸಂಖ್ಯೆಯನ್ನೂ ಸೇರಿಸಿ ಒತ್ತಿ.

ಕೌಂಟಿಯ ಹೆಸರು ಬರವಣಿಗೆಯಲ್ಲಿ ‘ರಿಯಾ’ ಎಂಬಂತೆ ಕಾಣುತ್ತದೆ. ಊರಿನವರ ಬಾಯಲ್ಲಿ ಅದು ‘ರೇ’. ದಾರಿ ಕೇಳುವಾಗ ‘ರೇ ಕೌಂಟಿ ಕೋರ್ಟ್‌ಹೌಸ್’ ಎಂದೇ ಕೇಳಿ. ತಪ್ಪು ಹೇಳಿದರೆ ಯಾರೂ ಬೇಸರ ಪಡುವುದಿಲ್ಲ, ಸರಿಯಾಗಿ ಹೇಳಿದರೆ ಮಾತು ನಾಲ್ಕು ನಿಮಿಷ ಹೆಚ್ಚು ನಡೆಯುತ್ತದೆ.

ಹೋಗುವುದು ವಾರದ ದಿನವೇ ಆಗಲಿ. ಇದು ಬರೀ ಸ್ಮಾರಕವಾಗಿ ಉಳಿದಿಲ್ಲ, ಕೌಂಟಿಯ ಕಚೇರಿಗಳು ಇಲ್ಲಿವೆ. ಹಾಗಾಗಿ ಬಾಗಿಲು ತೆರೆಯುವುದೂ ಮುಚ್ಚುವುದೂ ಸರ್ಕಾರಿ ಲೆಕ್ಕದಲ್ಲಿ. ಮೂರು ದಿನ ರಜೆ ಸಿಕ್ಕಿತೆಂದು ಸೋಮವಾರ ಹೋದರೆ ಅದು ಅವರಿಗೂ ರಜೆ. ಗುಡ್ ಫ್ರೈಡೇ ಅಮೆರಿಕದ ಕೇಂದ್ರ ಸರ್ಕಾರದ ರಜಾಪಟ್ಟಿಯಲ್ಲಿ ಇಲ್ಲ, ಟೆನೆಸಿಯ ಪಟ್ಟಿಯಲ್ಲಿ ಇದೆ. ಕ್ಯಾಲೆಂಡರ್ ನೋಡಿ ಹೊರಟವರು ಬೀಗ ನೋಡಿ ವಾಪಸಾಗುವುದು ಆ ದಿನ. ಮೇಲಿನ ಹಾಲಿನಲ್ಲಿ ಕಾರ್ಯಕ್ರಮವಿದ್ದರೂ ಒಳಗೆ ಬಿಡಲಿಕ್ಕಿಲ್ಲ. ಹಿಂದಿನ ದಿನ ಕೌಂಟಿ ಕಚೇರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ನಾಳೆ ಮೇಲಿನ ಕೋರ್ಟ್ ಹಾಲ್ ತೆರೆದಿರುತ್ತದೆಯೆ? ನೆಲಮಾಳಿಗೆಯ ಮ್ಯೂಸಿಯಂ ಎಷ್ಟು ಹೊತ್ತಿನವರೆಗೆ? ಎರಡನ್ನೂ ಬೇರೆ ಬೇರೆಯಾಗಿ ಕೇಳುವುದು ಮುಖ್ಯ, ಒಂದು ತೆರೆದಿದ್ದು ಇನ್ನೊಂದು ಮುಚ್ಚಿರಬಹುದು.

ವರ್ಷದಲ್ಲಿ ಎರಡು ಹೊತ್ತು ಊರು ತುಂಬುತ್ತದೆ. ಮೇ ತಿಂಗಳಲ್ಲಿ ಸ್ಟ್ರಾಬೆರಿ ಹಬ್ಬ, ಜುಲೈನಲ್ಲಿ ವಿಚಾರಣೆಯ ನೆನಪಿನ ಉತ್ಸವ. ಜುಲೈ ಉತ್ಸವದಲ್ಲಿ ವಿಚಾರಣೆಯನ್ನು ಅದೇ ಹಾಲಿನಲ್ಲಿ ನಾಟಕವಾಗಿ ಆಡುತ್ತಾರೆ. ನಾಟಕ ಬೇಕಿದ್ದರೆ ಜುಲೈ, ಮುಂಚಿತವಾಗಿ ಟಿಕೆಟ್ ಮಾಡಿಸಿ. ಕಟ್ಟಡವನ್ನೇ ನೋಡಬೇಕಿದ್ದರೆ ಈ ಎರಡೂ ಬೇಡ. ಅಕ್ಟೋಬರ್ ಕೊನೆಯ ವಾರ ನಮ್ಮ ಆಯ್ಕೆ: ಬಿಸಿಲು ಇಳಿದಿರುತ್ತದೆ, ಪಶ್ಚಿಮಕ್ಕೆ ವಾಲ್ಡನ್ ರಿಜ್ ಬೆಟ್ಟದ ಸಾಲು ಕೆಂಪಗೆ ಹಳದಿಗೆ ತಿರುಗಿರುತ್ತದೆ.

ದಾರಿ, ಮತ್ತು ಕಳೆದುಹೋಗುವ ಒಂದು ಗಂಟೆ

ಚಟನೂಗದಿಂದ ಉತ್ತರಕ್ಕೆ ಯುಎಸ್ 27 ಹೆದ್ದಾರಿಯಲ್ಲಿ ಸುಮಾರು 40 ಮೈಲಿ, ಎಂದರೆ 65 ಕಿಲೋಮೀಟರ್. ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ. ಫೋಕ್ಸ್‌ವ್ಯಾಗನ್ ಕಾರ್ಖಾನೆಯ ದೆಸೆಯಿಂದಲೋ ಬೇರೆ ಕೆಲಸದಿಂದಲೋ ಚಟನೂಗದಲ್ಲಿ ಇಳಿದುಕೊಂಡವರಿಗೆ ಇದು ಅರ್ಧ ದಿನದ ಕೆಲಸ. ಅಟ್ಲಾಂಟದಿಂದ ಒಟ್ಟು ಸುಮಾರು 160 ಮೈಲಿ. ಅಲ್ಲಿಂದ ಬರುವವರು ಐ-75ರಲ್ಲಿ ಚಟನೂಗ ಸೇರುತ್ತಿದ್ದಂತೆ ಐ-24ಕ್ಕೆ ಹೊರಳುವ ಕವಲು ಸಿಗುತ್ತದೆ. ಲಾರಿಗಳು ಜಮಾಯಿಸುವ ಜಾಗ ಅದು. ಅಲ್ಲಿ ಹೊರಳದೆ ಐ-75ರಲ್ಲೇ ಮುಂದೆ ಹೋಗಿ ರಾಜ್ಯ ಹೆದ್ದಾರಿ 153 ಹಿಡಿದರೆ ಚಿಕಮಾಗ ಅಣೆಕಟ್ಟಿನ ಪಕ್ಕದಲ್ಲಿ ಹೊಳೆ ದಾಟಿ, ಊರೊಳಗಿನ ದಟ್ಟಣೆ ತಪ್ಪಿಸಿಕೊಂಡು ನೇರ ಯುಎಸ್ 27ಕ್ಕೆ ಸೇರುತ್ತೀರಿ.

ನ್ಯಾಶ್‌ವಿಲ್‌ನಿಂದ ಬರುವವರು ಗಡಿಯಾರದ ವಿಷಯದಲ್ಲಿ ಎಡವುತ್ತಾರೆ. ಟೆನೆಸಿ ಒಂದೇ ರಾಜ್ಯವಾದರೂ ಎರಡು ಕಾಲವಲಯಗಳಲ್ಲಿ ಹರಡಿಕೊಂಡಿದೆ. ನ್ಯಾಶ್‌ವಿಲ್ ಸೆಂಟ್ರಲ್, ಚಟನೂಗ ಮತ್ತು ಡೇಟನ್ ಈಸ್ಟರ್ನ್. ಬೆಳಿಗ್ಗೆ 9ಕ್ಕೆ ಹೊರಟು ಮೂರು ಗಂಟೆ ಗಾಡಿ ಓಡಿಸಿದರೆ ಡೇಟನ್‌ನಲ್ಲಿ ಗಂಟೆ 12 ಆಗಿರುವುದಿಲ್ಲ, 1 ಆಗಿರುತ್ತದೆ. ಮೊಬೈಲ್ ತಾನಾಗಿ ಬದಲಾಗುತ್ತದೆ, ಕಾರಿನ ಗಡಿಯಾರ ಬದಲಾಗಲಿಕ್ಕಿಲ್ಲ. ಕಚೇರಿ ಮುಚ್ಚುವ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿ ಹೊರಡಿ.

ಡೇಟನ್ ಹತ್ತಿರವಾದಾಗ ಹೆದ್ದಾರಿಯ ಬದಿಯಲ್ಲಿ ದೊಡ್ಡ ಅಂಗಡಿಗಳು, ಪೆಟ್ರೋಲ್ ಬಂಕ್‌ಗಳು ಸಾಲಾಗಿ ಬರುತ್ತವೆ. ಊರು ಇಷ್ಟೇ ಎಂದು ಮುಂದೆ ಹೋಗಿಬಿಡಬೇಡಿ. ಹಳೆಯ ಪೇಟೆ ಮಾರ್ಕೆಟ್ ಸ್ಟ್ರೀಟ್‌ನ ಮೇಲಿದೆ, ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಏಳು ಸಾವಿರ ಜನರ ಊರು. ಗಡಿಯಾರದ ಗೋಪುರ ಕಂಡರೆ ಬಂದಿರಿ ಎಂದರ್ಥ.

ಒಂದು ಗಂಟೆಯ ಓದು

ಕಥೆ ಗೊತ್ತಿಲ್ಲದೆ ಹೋದರೆ ಹಳೆಯ ಇಟ್ಟಿಗೆಯ ಕಚೇರಿ ನೋಡಿ ಬಂದಂತೆ ಆಗುತ್ತದೆ. ಸಿನಿಮಾ ನೋಡಿ ಹೋದರೆ ಇನ್ನೂ ಕಷ್ಟ, ಏಕೆಂದರೆ ಈ ವಿಚಾರಣೆಯ ಮೇಲೆ ಬಂದ ನಾಟಕ, ಸಿನಿಮಾಗಳು ಊರನ್ನು ಬೆಂಕಿ ಕಾರುವ ಮತಾಂಧರ ಕೊಂಪೆಯಾಗಿಯೂ ಮೇಷ್ಟರನ್ನು ಜೈಲಿನಲ್ಲಿ ಕೊಳೆಯುವವನಾಗಿಯೂ ತೋರಿಸಿವೆ. ನಡೆದದ್ದು ಬೇರೆ. ಕಾರಿನಲ್ಲಿ ಹೋಗುವಾಗ ಒಬ್ಬರು ಇಷ್ಟನ್ನು ಉಳಿದವರಿಗೆ ಓದಿ ಹೇಳಲಿ.

1925ರ ಮಾರ್ಚ್‌ನಲ್ಲಿ ಟೆನೆಸಿ ರಾಜ್ಯ ಬಟ್ಲರ್ ಕಾಯ್ದೆ ತಂದಿತು. ಮನುಷ್ಯನು ಕೆಳವರ್ಗದ ಪ್ರಾಣಿಗಳಿಂದ ಬಂದನು ಎಂದು ಸರ್ಕಾರಿ ಶಾಲೆಗಳಲ್ಲಿ ಕಲಿಸುವುದು ಅಪರಾಧ, ದಂಡ 100ರಿಂದ 500 ಡಾಲರ್. ಜೈಲು ಶಿಕ್ಷೆ ಕಾಯ್ದೆಯಲ್ಲೇ ಇರಲಿಲ್ಲ. ತಮಾಷೆಯೆಂದರೆ ರಾಜ್ಯವೇ ಗೊತ್ತುಮಾಡಿದ್ದ ಜೀವಶಾಸ್ತ್ರದ ಪಠ್ಯದಲ್ಲಿ ವಿಕಾಸವಾದ ಇತ್ತು. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು, ಈ ಕಾಯ್ದೆಯನ್ನು ಪರೀಕ್ಷೆಗೆ ಒಡ್ಡಲು ಒಪ್ಪುವ ಮೇಷ್ಟರಿಗೆ ವಕೀಲರ ನೆರವು ಕೊಡುತ್ತೇವೆ ಎಂದು ಪತ್ರಿಕೆಯಲ್ಲಿ ಪ್ರಕಟಿಸಿತು. ಡೇಟನ್‌ನ ಗಣಿ ಎಂಜಿನಿಯರ್ ಜಾರ್ಜ್ ರ‍್ಯಾಪಲ್ಯೆ ಅದನ್ನು ಓದಿದ. ಕಲ್ಲಿದ್ದಲು, ಕಬ್ಬಿಣದ ಕುಲುಮೆಗಳಿಂದ ಬೆಳೆದಿದ್ದ ಊರು, ಕುಲುಮೆ ಆರಿದ ಮೇಲೆ 1,800 ಜನರಿಗೆ ಕುಗ್ಗಿತ್ತು. ಮೊಕದ್ದಮೆ ಇಲ್ಲಿ ನಡೆದರೆ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಗುತ್ತದೆ, ವ್ಯಾಪಾರ ಕುದುರುತ್ತದೆ ಎನ್ನುವುದು ಲೆಕ್ಕ. ರಾಬಿನ್‌ಸನ್‌ನ ಔಷಧದಂಗಡಿಯಲ್ಲಿ ಮಾತುಕತೆ ಆಯಿತು. ಆ ರಾಬಿನ್‌ಸನ್ ಶಾಲಾ ಮಂಡಳಿಯ ಅಧ್ಯಕ್ಷ, ಅದೇ ಪಠ್ಯಪುಸ್ತಕ ಮಾರುತ್ತಿದ್ದವನೂ ಅವನೇ. 24 ವರ್ಷದ ಮೇಷ್ಟರು ಜಾನ್ ಸ್ಕೋಪ್ಸ್‌ನನ್ನು ಟೆನಿಸ್ ಅಂಗಳದಿಂದ ಕರೆಸಿ ಕೇಳಿದರು, ಅವನು ಒಪ್ಪಿದ. ಅವನು ಫುಟ್‌ಬಾಲ್ ತರಬೇತುದಾರ, ಜೀವಶಾಸ್ತ್ರದ ಖಾಯಂ ಮೇಷ್ಟರ ಬದಲಿಗೆ ಕೆಲವು ದಿನ ಪಾಠ ಮಾಡಿದ್ದವನು.

ಕೋರ್ಟು ನಡೆದದ್ದು ಎಂಟು ದಿನ: ಜುಲೈ 10ರ ಶುಕ್ರವಾರ, 13ರಿಂದ 17, ಮತ್ತೆ 20, 21. ಇವುಗಳಲ್ಲಿ ಮೂರು ದಿನ ನೆನಪಿದ್ದರೆ ಸಾಕು. 16ರಂದು ವಿಜ್ಞಾನಿಗಳ ಸಾಕ್ಷ್ಯ ಬೇಕೆ ಬೇಡವೆ ಎಂಬ ವಾದ, ಸ್ಕೋಪ್ಸ್ ಪರ ವಕೀಲ ಡಡ್ಲಿ ಫೀಲ್ಡ್ ಮ್ಯಾಲೋನ್‌ನ ಭಾಷಣ. 17ರಂದು ನ್ಯಾಯಾಧೀಶ ರಾಲ್‌ಸ್ಟನ್ ಅದು ಬೇಡ ಎಂದು ಆದೇಶ ಕೊಟ್ಟ. 20ರಂದು ಬಯಲಿನಲ್ಲಿ ಬ್ರಯಾನ್‌ನ ಸಾಕ್ಷ್ಯ. ಓದುವ ಉತ್ಸಾಹವಿದ್ದರೆ ವಿಚಾರಣೆಯ ನಡಾವಳಿ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ, ಏಳನೇ ದಿನದ ಮಧ್ಯಾಹ್ನದ ಭಾಗವನ್ನಷ್ಟೇ ಓದಿ. ಆ ಪುಟಗಳನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಹೋಗುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಮೊದಲು ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ

ಗಾಡಿ ನಿಲ್ಲಿಸಿದ ತಕ್ಷಣ ಬಾಗಿಲಿಗೆ ಹೋಗಬೇಡಿ. 15 ನಿಮಿಷ ಹೊರಗೆ ಕಳೆಯಿರಿ. ಒಂದು ಸುತ್ತು ಪೂರ್ತಿ ಹಾಕಿದರೆ ಗೋಪುರ ಎಷ್ಟು ಎತ್ತರ, ಕಟ್ಟಡ ಎಷ್ಟು ಆಳ, ಸುತ್ತ ಬಯಲು ಎಷ್ಟು ಎಂಬ ಅಂದಾಜು ಸಿಗುತ್ತದೆ. ಎಂಟು ದಿನದಲ್ಲಿ ಜನ ಎಲ್ಲಿ ನಿಂತರು ಎಂದು ಆಮೇಲೆ ಊಹಿಸಲು ಈ ಅಂದಾಜು ಬೇಕು.

ಕಟ್ಟಿದ್ದು 1891ರಲ್ಲಿ, ಕೌಂಟಿಯ ಕೇಂದ್ರ ಡೇಟನ್‌ಗೆ ಬಂದ ಹೊಸದರಲ್ಲಿ. ಕೆಂಪು ಇಟ್ಟಿಗೆಯ ಮೂರು ಅಂತಸ್ತು, ಒಂದು ಬದಿಗೆ ಚೌಕಾಕಾರದ ಗಡಿಯಾರ ಗೋಪುರ. ಕಮಾನಿನ ಕಿಟಕಿಗಳನ್ನು ಗಮನಿಸಿ: ರೋಮನೆಸ್ಕ್ ಶೈಲಿಯ ಮರುಹುಟ್ಟು ಎನ್ನುವುದು ಅದನ್ನೇ. ಗೋಪುರದ ನಿಲುವಿನಲ್ಲಿ ಇಟಲಿಯ ಹಳ್ಳಿಮನೆಗಳ ಛಾಯೆಯಿದೆ. ಕುಲುಮೆಯ ಹಣ ಹರಿಯುತ್ತಿದ್ದ ಕಾಲದ ಊರು ತನ್ನ ಮುಂದಿನ ಗಾತ್ರವನ್ನು ಎಣಿಸಿ ಹೊಲಿಸಿಕೊಂಡ ಅಂಗಿ ಇದು, ಮಗು ಆ ಅಂಗಿಯಷ್ಟು ಬೆಳೆಯಲಿಲ್ಲ. 1976ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂದು ಘೋಷಿಸಿದರು.

ಅಮೆರಿಕದ ದಕ್ಷಿಣದಲ್ಲಿ ಕೌಂಟಿ ಕೋರ್ಟ್‌ಹೌಸ್ ಎಂದರೆ ಬರೀ ನ್ಯಾಯಾಲಯವೆಂದು ತಿಳಿಯಬಾರದು. ನಮ್ಮ ತಾಲೂಕು ಕಚೇರಿ, ಸಬ್‌ರಿಜಿಸ್ಟ್ರಾರ್ ಕಚೇರಿ, ಮುನ್ಸಿಫ್ ಕೋರ್ಟು ಮೂರನ್ನೂ ಒಂದೇ ಸೂರಿನಡಿ ಇಟ್ಟು, ಸುತ್ತ ಹುಲ್ಲು ಬೆಳೆಸಿ, ಅದರ ಸುತ್ತ ಪೇಟೆ ಕಟ್ಟಿದಂತೆ. ಜಮೀನಿನ ಕಾಗದ, ಮದುವೆಯ ನೋಂದಣಿ, ಕಂದಾಯ ಎಲ್ಲಕ್ಕೂ ಜನ ಇಲ್ಲಿಗೇ ಬರಬೇಕು, ಅದಕ್ಕೇ ಅಂಗಡಿಗಳು ಇದಕ್ಕೆ ಮುಖ ಮಾಡಿ ಎದ್ದವು. ಟೆನೆಸಿಯಲ್ಲಿ ‘ಟ್ರಸ್ಟಿ’ ಎಂಬ ಬೋರ್ಡು ಕಂಡರೆ ದೇವಸ್ಥಾನದ ಟ್ರಸ್ಟಿಯೆಂದು ಭಾವಿಸಬೇಡಿ, ಆಸ್ತಿ ತೆರಿಗೆ ವಸೂಲು ಮಾಡುವ ಚುನಾಯಿತ ಅಧಿಕಾರಿ ಅವರು.

ಹುಲ್ಲಿನ ಮೇಲೆ ಎರಡು ಪ್ರತಿಮೆಗಳಿವೆ. ವಿಲಿಯಂ ಜೆನಿಂಗ್ಸ್ ಬ್ರಯಾನ್‌ನದು 2005ರಲ್ಲಿ ಬಂತು. ಮೂರು ಬಾರಿ ಅಧ್ಯಕ್ಷ ಪದವಿಗೆ ನಿಂತು ಸೋತ, ವಿದೇಶಾಂಗ ಕಾರ್ಯದರ್ಶಿಯಾಗಿದ್ದ, ಸರ್ಕಾರದ ಪರ ನಿಂತ ಮಾತಿನ ಮಲ್ಲ. ಅವನಿಗೆ ಎದುರಾಳಿಯಾಗಿ ನಿಂತ ಕ್ಲಾರೆನ್ಸ್ ಡ್ಯಾರೋನ ಪ್ರತಿಮೆ ಬರಲು 2017 ಆಗಬೇಕಾಯಿತು. ಅದಕ್ಕೆ ಹಣದ ದೊಡ್ಡ ಪಾಲು ಕೊಟ್ಟದ್ದು ಊರಿನ ಹೊರಗಿನ ಧರ್ಮನಿರಪೇಕ್ಷ ಸಂಘಟನೆ, ಊರಿನಲ್ಲಿ ವಿರೋಧವೂ ಇತ್ತು. ಎರಡರ ನಡುವಿನ ಆ ಹನ್ನೆರಡು ವರ್ಷವೇ ಊರಿನ ಮನಸ್ಸನ್ನು ಹೇಳುತ್ತದೆ. ಈಗ ಫೋಟೊ ತೆಗೆಯಬೇಡಿ, ಕೊನೆಯಲ್ಲಿ ಮತ್ತೆ ಇಲ್ಲಿಗೇ ಬರುತ್ತೀರಿ.

ನಂತರ ಮೇಲಕ್ಕೆ

ಬಾಗಿಲೊಳಗೆ ಹೋದ ಕೂಡಲೇ ‘ಮ್ಯೂಸಿಯಂ ಕೆಳಗೆ’ ಎಂದು ಕೈ ತೋರಿಸುತ್ತಾರೆ, ಜನ ಇಳಿದುಬಿಡುತ್ತಾರೆ. ನಮ್ಮ ಸಲಹೆ ಅದಕ್ಕೆ ಉಲ್ಟಾ. ಮೊದಲು ಮೆಟ್ಟಿಲು ಹತ್ತಿ. ಕೆಳಗಿನ ಫೋಟೊ, ಪತ್ರಿಕೆ, ವ್ಯಂಗ್ಯಚಿತ್ರ ನೋಡಿ ಮೇಲೆ ಬಂದರೆ ಕಣ್ಣು ಆಗಲೇ ತುಂಬಿರುತ್ತದೆ, ಹಾಲು ಬರೀ ಖಾಲಿ ಕೋಣೆಯಾಗಿ ಕಾಣುತ್ತದೆ.

ಒಳಗೆ ಕಚೇರಿ ಕೆಲಸಕ್ಕೆ ಬಂದವರಿರುತ್ತಾರೆ. ದನಿ ತಗ್ಗಿಸಿ. ಚಾಕು, ಪೆಪ್ಪರ್ ಸ್ಪ್ರೇಯಂಥ ವಸ್ತುಗಳನ್ನು ಕಾರಿನಲ್ಲೇ ಬಿಟ್ಟು ಬನ್ನಿ, ಕೀಚೈನಿನ ಪುಟ್ಟ ಚಾಕುವೂ ಸೇರಿ. ಫೋಟೊ ತೆಗೆಯುವ ಮೊದಲು ಎದುರಿಗೆ ಸಿಕ್ಕ ಸಿಬ್ಬಂದಿಯನ್ನು ‘ಮ್ಯಾಮ್’ ಅಥವಾ ‘ಸರ್’ ಸೇರಿಸಿ ಒಂದು ಮಾತು ಕೇಳಿ. ದಕ್ಷಿಣದಲ್ಲಿ ಆ ಎರಡು ಶಬ್ದಗಳಿಗೆ ನಮ್ಮ ‘ಅವರೇ’ಗಿರುವಷ್ಟೇ ಬೆಲೆ.

ಹಾಲಿನೊಳಗೆ ಮಾಡಬೇಕಾದ್ದು ಹೀಗೆ.

ಮೊದಲು ಹಿಂಬದಿಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ಸಾಲಿನಲ್ಲಿ ಎಷ್ಟು ಆಸನ, ಎಷ್ಟು ಸಾಲು ಎಂದು ಎಣಿಸಿ ಗುಣಿಸಿ. ಬಂದ ಸಂಖ್ಯೆಯ ಮೇಲೆ ಗೋಡೆಯ ಉದ್ದಕ್ಕೂ, ಓಣಿಯಲ್ಲೂ, ಕಿಟಕಿಯ ಕಟ್ಟೆಯ ಮೇಲೂ ನಿಂತವರನ್ನು ಸೇರಿಸಿ. ಜುಲೈ ತಿಂಗಳ ಸೆಕೆ, ಬೀಸಣಿಗೆಗಳ ಸದ್ದು. ಏಳುನೂರು ಜನ ಎಂದಿಟ್ಟುಕೊಳ್ಳಿ, ತಲೆಗೆ 70 ಕಿಲೋ ಎಂದರೂ 49 ಟನ್ ತೂಕ, ಅದೂ ಮೇಲಂತಸ್ತಿನ ನೆಲದ ಮೇಲೆ. ಏಳನೇ ದಿನ ಕೆಳಗಿನ ಅಂತಸ್ತಿನ ಚಾವಣಿಯಲ್ಲಿ ಬಿರುಕು ಕಂಡಿತೆಂಬ ಸುದ್ದಿ ಬಂದಾಗ ನ್ಯಾಯಾಧೀಶ ಎಲ್ಲರನ್ನೂ ಕೆಳಗಿಳಿಸಿದ್ದು ಯಾಕೆ ಎಂದು ಈ ಲೆಕ್ಕವೇ ಹೇಳುತ್ತದೆ.

ಈಗ ಮುಂದೆ ನಡೆಯಿರಿ. ನ್ಯಾಯಾಧೀಶರ ಪೀಠ, ಕಟಾಂಜನ, ವಕೀಲರ ಮೇಜುಗಳು, ಪ್ರೇಕ್ಷಕರ ಆಸನಗಳು 1925ರವೇ. ಮುಟ್ಟಬೇಡಿ ಎಂಬ ಫಲಕ ಇದ್ದರೆ ಮುಟ್ಟಬೇಡಿ, ಇಲ್ಲದಿದ್ದರೂ ಕೂರುವ ಮೊದಲು ಕೇಳಿ. ಕಟಾಂಜನದ ಈಚೆ ಜನ, ಆಚೆ ವಕೀಲರು, ಪತ್ರಕರ್ತರು. ಸುಮಾರು 200 ವರದಿಗಾರರು ಬಂದಿದ್ದರು. ಷಿಕಾಗೊದ ಡಬ್ಲ್ಯೂಜಿಎನ್ ರೇಡಿಯೊ ಇಲ್ಲಿಂದ ನೇರ ಪ್ರಸಾರ ಮಾಡಿತು, ಅಮೆರಿಕದಲ್ಲಿ ಮೊಕದ್ದಮೆಯೊಂದು ಹಾಗೆ ನೇರ ಪ್ರಸಾರವಾದದ್ದು ಅದೇ ಮೊದಲು. ಮೈಕುಗಳಿಗೆ ಅನುಕೂಲವಾಗಲೆಂದು ಹಾಲಿನೊಳಗಿನ ಜೋಡಣೆಯನ್ನೇ ಬದಲಿಸಿದ್ದರು. ಕಿಟಕಿಯ ಬಳಿ ಹೋಗಿ ಕೆಳಗೆ ನೋಡಿ: ಒಳಗೆ ಜಾಗ ಸಿಗದವರು ಆ ಹುಲ್ಲಿನ ಮೇಲೆ ಕೂತು ಧ್ವನಿವರ್ಧಕದಲ್ಲಿ ಕೇಳುತ್ತಿದ್ದರು.

ಆಮೇಲೆ ಜ್ಯೂರಿಯ ಜಾಗಕ್ಕೆ ಬನ್ನಿ. ಹೆಚ್ಚಿನವರು ಕಡೆಗಣಿಸುವುದು ಇದನ್ನೇ. ಕಾಯ್ದೆ ಸಂವಿಧಾನಬದ್ಧವೆ, ವಿಜ್ಞಾನಿಗಳನ್ನು ಕೇಳಬೇಕೆ ಎಂಬವೆಲ್ಲ ಕಾನೂನಿನ ಪ್ರಶ್ನೆಗಳು, ಅವು ನ್ಯಾಯಾಧೀಶನ ಪಾಲಿಗೆ. ಜ್ಯೂರಿ ತೀರ್ಮಾನಿಸಬೇಕಾದದ್ದು ಒಂದೇ: ಈ ಮೇಷ್ಟರು ಕಲಿಸಿದನೆ, ಇಲ್ಲವೆ? ಆದ್ದರಿಂದ ಪ್ರತಿ ಬಾರಿ ಕಾನೂನಿನ ವಾದ ಎದ್ದಾಗಲೂ ಅವರನ್ನು ಹೊರಗೆ ಕಳಿಸುತ್ತಿದ್ದರು. ಪ್ರಾಣಿಶಾಸ್ತ್ರಜ್ಞ ಮೇನಾರ್ಡ್ ಮೆಟ್‌ಕಾಫ್ ಸಾಕ್ಷಿ ಹೇಳಿದಾಗ ಅವರಿರಲಿಲ್ಲ. ಬಯಲಿನಲ್ಲಿ ಬ್ರಯಾನ್ ಉತ್ತರಿಸಿದಾಗಲೂ ಇರಲಿಲ್ಲ. ಷಿಕಾಗೊದಲ್ಲಿ ಕೂತು ರೇಡಿಯೊ ಕೇಳಿದವನಿಗೆ ಜ್ಯೂರಿಯವನಿಗಿಂತ ಹೆಚ್ಚು ಗೊತ್ತಿತ್ತು.

ಮಕ್ಕಳು ಜೊತೆಗಿದ್ದರೆ ಇಲ್ಲಿ ಮೊಬೈಲಿನಲ್ಲಿ 9 ನಿಮಿಷದ ಟೈಮರ್ ಹಾಕಿ ಸುಮ್ಮನೆ ಕೂರಿಸಿ. ಜ್ಯೂರಿ ಹೊರಗೆ ಹೋಗಿ ತೀರ್ಮಾನಿಸಿ ಬರಲು ಹಿಡಿದದ್ದು ಅಷ್ಟೇ ಹೊತ್ತು. ಅದರಲ್ಲಿ ಅಚ್ಚರಿಯೇನಿಲ್ಲ, ಅಪರಾಧಿ ಎಂದೇ ತೀರ್ಪು ಕೊಡಿ ಎಂದು ಡ್ಯಾರೋನೇ ಕೇಳಿಕೊಂಡಿದ್ದ. ಮೇಲಿನ ಕೋರ್ಟಿಗೆ ಹೋಗಲು ಅವನಿಗೆ ಅದು ಬೇಕಿತ್ತು. ಬ್ರಯಾನ್ ಬರೆದಿಟ್ಟುಕೊಂಡಿದ್ದ ಸಮಾರೋಪ ಭಾಷಣಕ್ಕೂ ಅದರಿಂದ ಅವಕಾಶ ತಪ್ಪಿತು. ಒಂದೇ ಕಲ್ಲಿಗೆ ಎರಡು ಹಣ್ಣು.

ಈ ಹಾಲಿಗೆ 40 ನಿಮಿಷ ಕೊಡಿ. ಐದು ನಿಮಿಷದಲ್ಲಿ ಮುಗಿಸುವವರೇ ಹೆಚ್ಚು.

ನೆಲಮಾಳಿಗೆ

ಈಗ ಕೆಳಗಿಳಿದರೆ ಪ್ರತಿ ಫೋಟೊದಲ್ಲೂ ಇದು ಯಾವ ಕಿಟಕಿ, ಇದು ಯಾವ ಮೂಲೆ ಎಂದು ನೀವೇ ಗುರುತಿಸುತ್ತೀರಿ. ಮ್ಯೂಸಿಯಂ ಚಿಕ್ಕದು, ಅರ್ಧ ಗಂಟೆ ಸಾಕು. ಎರಡು ವಿಷಯಗಳನ್ನು ಹುಡುಕಿ. ಒಂದು, ಊರು ಜಾತ್ರೆಯಾದದ್ದರ ಗುರುತುಗಳು: ಜೋ ಮೆಂಡಿ ಎಂಬ ಸೂಟು ತೊಟ್ಟ ಚಿಂಪಾಂಜಿಯನ್ನು ಕರೆತಂದಿದ್ದರು, ಕೋತಿ ಬೊಂಬೆ ಮಾರಿದರು, ಬೀದಿಯಲ್ಲಿ ಪ್ರವಚನಗಳು ನಡೆದವು. ಇನ್ನೊಂದು, ಜುಲೈ 20ರ ಬಯಲಿನ ಫೋಟೊ. ಆ ಫೋಟೊದ ಚೌಕಟ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಅದರ ಹಿನ್ನೆಲೆಯ ಗೋಡೆ, ಕಿಟಕಿ ನೋಡಿಕೊಂಡು ಮುಂದಿನ ಹೆಜ್ಜೆ.

ಸಿಬ್ಬಂದಿಯೊಂದಿಗೆ ಮಾತಾಡುವಾಗ ವಾದಕ್ಕೆ ಇಳಿಯಬೇಡಿ. ಊರಿನಲ್ಲಿ ಬೈಬಲನ್ನು ಅಕ್ಷರಶಃ ನಂಬುವವರಿದ್ದಾರೆ, ನಂಬದವರೂ ಇದ್ದಾರೆ. ಹೊರಗಿನಿಂದ ಬಂದವರು ತಮ್ಮನ್ನು ನಗೆಪಾಟಲು ಮಾಡುತ್ತಾರೆ ಎಂಬ ನೋವು 1925ರಿಂದ ಎರಡೂ ಕಡೆಯವರಿಗೆ ಸಮಾನ. ಬಾಲ್ಟಿಮೋರ್‌ನ ಪತ್ರಕರ್ತ ಮೆಂಕೆನ್ ಆಗ ಬರೆದ ಮಾತುಗಳು ಅಷ್ಟು ಕಟುವಾಗಿದ್ದವು. ‘ನಿಮ್ಮ ತಾತನ ಕಾಲದವರು ಏನು ಹೇಳುತ್ತಿದ್ದರು?’ ಎಂದು ಕೇಳಿದರೆ ಬಾಯಿ ತೆರೆದುಕೊಳ್ಳುತ್ತದೆ. ‘ಈಗಲೂ ನೀವು ಹಾಗೇ ನಂಬುತ್ತೀರಾ?’ ಎಂದರೆ ಮುಚ್ಚಿಕೊಳ್ಳುತ್ತದೆ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸವಾದದ ಪಾಠ ಬಿಟ್ಟುಹೋದದ್ದನ್ನು ನೆನೆದರೆ ನಗುವ ಹಕ್ಕು ನಮಗೂ ಅಷ್ಟಾಗಿ ಇಲ್ಲ.

ಮತ್ತೆ ಹುಲ್ಲಿಗೆ

ಇದೇ ಭೇಟಿಯ ತಿರುಳು, ಆದ್ದರಿಂದ ಕೊನೆಗೆ. ಮ್ಯೂಸಿಯಂನಲ್ಲಿ ಕಂಡ ಫೋಟೊದ ಕೋನ ಹುಡುಕಿ ನಿಲ್ಲಿ. ಕಟ್ಟಡದ ಪಕ್ಕದಲ್ಲಿ ಹಲಗೆಯ ವೇದಿಕೆಯೊಂದಿತ್ತು, ಪ್ರವಚನಕಾರರಿಗೆಂದು ಕಟ್ಟಿದ್ದು. ಕೋರ್ಟು ಅಲ್ಲಿಗೆ ವರ್ಗವಾಯಿತು. ಗೋಡೆಯ ಮೇಲೆ ‘ನಿಮ್ಮ ಬೈಬಲ್ ಓದಿ’ ಎಂಬ ದೊಡ್ಡ ಬರಹ ತೂಗುಹಾಕಿತ್ತು. ಜ್ಯೂರಿಯನ್ನು ಕರೆತಂದು ಕೂರಿಸಿದರೆ ಎದುರಿಗೇ ಅದು ಕಾಣುತ್ತದೆ ಎಂದು ಡ್ಯಾರೋ ತಕರಾರು ತೆಗೆದ ಮೇಲೆ ಇಳಿಸಿದರು. ಸಾವಿರಾರು ಜನ ಸುತ್ತ ನೆರೆದರು. ವಿಜ್ಞಾನಿಗಳ ಬಾಯಿ ಕಟ್ಟಿಹಾಕಿದ್ದರಿಂದ ಪ್ರತಿವಾದಿಗಳ ಕಡೆಯವರು, ಬೈಬಲಿನ ತಜ್ಞನೆಂದು ಎದುರು ಪಕ್ಷದ ಬ್ರಯಾನ್‌ನನ್ನೇ ಸಾಕ್ಷಿಗೆ ಕರೆದರು. ಅವನು ಒಲ್ಲೆ ಎನ್ನಬಹುದಿತ್ತು, ಎನ್ನಲಿಲ್ಲ.

ಮೊಬೈಲಿಗೆ ಇಳಿಸಿಕೊಂಡ ಪುಟಗಳನ್ನು ತೆಗೆಯಿರಿ. ಒಬ್ಬರು ಡ್ಯಾರೋ, ಒಬ್ಬರು ಬ್ರಯಾನ್ ಆಗಿ ಮೆಲುದನಿಯಲ್ಲಿ ಓದಿ, 10 ನಿಮಿಷ ಸಾಕು. ಯೋನನನ್ನು ನುಂಗಿದ ಮೀನು, ಯೆಹೋಶುವನ ಮಾತಿಗೆ ನಿಂತ ಸೂರ್ಯ, ಕಾಯಿನನ ಹೆಂಡತಿ ಎಲ್ಲಿಂದ ಬಂದಳು, ಸೃಷ್ಟಿಯ ಆರು ದಿನ ಎಂದರೆ 24 ಗಂಟೆಯ ದಿನವೇ? ಕೊನೆಯ ಪ್ರಶ್ನೆಗೆ ಬ್ರಯಾನ್ ಕೊಟ್ಟ ಉತ್ತರವನ್ನು ಗಮನಿಸಿ: 24 ಗಂಟೆಯ ದಿನಗಳೇ ಆಗಬೇಕೆಂದಿಲ್ಲ ಎಂದು ಅವನೇ ಒಪ್ಪಿದ. ಅಕ್ಷರಶಃ ಓದಬೇಕೆಂದು ಬಂದಿದ್ದವರಿಗೆ ಕಸಿವಿಸಿಯಾದದ್ದು ಅಲ್ಲೇ. ಮರುದಿನ ನ್ಯಾಯಾಧೀಶ ಆ ಸಾಕ್ಷ್ಯವನ್ನೇ ಕಡತದಿಂದ ತೆಗೆದುಹಾಕಿದ. ಕಾನೂನಿನ ಲೆಕ್ಕದಲ್ಲಿ ಆ ಮಧ್ಯಾಹ್ನ ನಡೆದೇ ಇಲ್ಲ.

ಫೋಟೊ ಈಗ ತೆಗೆಯಿರಿ. ಎರಡೂ ಪ್ರತಿಮೆ, ಹಿಂದೆ ಗೋಪುರ.

ಜೊತೆಗಿರುವವರು ಕೇಳುವ ಮೂರು ಪ್ರಶ್ನೆ

ಸ್ಕೋಪ್ಸ್‌ಗೆ ಏನಾಯಿತು? 100 ಡಾಲರ್ ದಂಡ. ಟೆನೆಸಿಯಲ್ಲಿ 50 ಡಾಲರಿಗಿಂತ ಹೆಚ್ಚಿನ ದಂಡವನ್ನು ಜ್ಯೂರಿಯೇ ಗೊತ್ತುಮಾಡಬೇಕೆಂದು ರಾಜ್ಯದ ಸಂವಿಧಾನ ಹೇಳುತ್ತಿತ್ತು, ಇಲ್ಲಿ ನ್ಯಾಯಾಧೀಶನೇ ವಿಧಿಸಿದ್ದ. ಆ ತಾಂತ್ರಿಕ ದೋಷದ ಮೇಲೆ 1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ತೀರ್ಪನ್ನು ರದ್ದು ಮಾಡಿತು. ಕಾಯ್ದೆಯನ್ನು ಮಾತ್ರ ಎತ್ತಿಹಿಡಿಯಿತು, ಮೊಕದ್ದಮೆ ಮುಂದುವರಿಸುವುದು ಬೇಡ ಎಂದೂ ಸೂಚಿಸಿತು. ಹೀಗಾಗಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಒಯ್ಯಬೇಕೆಂಬ ಆಸೆ ಅಲ್ಲಿಗೇ ನಿಂತಿತು.

ಬ್ರಯಾನ್? ವಿಚಾರಣೆ ಮುಗಿದು ಐದು ದಿನಕ್ಕೆ, ಜುಲೈ 26ರ ಭಾನುವಾರ ಇದೇ ಡೇಟನ್‌ನಲ್ಲಿ ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಅವನ ಹೆಸರಿನ ಕಾಲೇಜು 1930ರಲ್ಲಿ ಊರಿನ ಗುಡ್ಡದ ಮೇಲೆ ಶುರುವಾಯಿತು, ಈಗಲೂ ಇದೆ. ಸಮಾಧಿ ಹುಡುಕಬೇಡಿ, ಅದು ವಾಷಿಂಗ್ಟನ್ ಹತ್ತಿರದ ಆರ್ಲಿಂಗ್‌ಟನ್‌ನಲ್ಲಿದೆ.

ಕಾಯ್ದೆ? ಪುಸ್ತಕದಲ್ಲಿ 1967ರವರೆಗೂ ಇತ್ತು.

ಊಟ, ಸಸ್ಯಾಹಾರಿಗಳು ಎಚ್ಚರ ವಹಿಸಬೇಕಾದ ಜಾಗ

ದಕ್ಷಿಣದ ಸಣ್ಣ ಊರಿನ ಹೋಟೆಲಿನಲ್ಲಿ ಒಂದು ಮಾಂಸ, ಮೂರು ಪಲ್ಯ ಎನ್ನುವುದು ಊಟದ ಪದ್ಧತಿ. ಮಾಂಸ ಬಿಟ್ಟು ನಾಲ್ಕು ಪಲ್ಯ ಹಾಕಿಸಿಕೊಂಡರೆ ಆಯಿತಲ್ಲ ಎಂದು ಅನಿಸುತ್ತದೆ. ಅಲ್ಲೇ ಮೋಸ ಹೋಗುವುದು. ಹುರುಳಿಕಾಯಿಯನ್ನು ಹಂದಿಯ ಕೊಬ್ಬಿನ ತುಂಡು ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಪಿಂಟೊ ಕಾಳು, ಸೊಪ್ಪು ಕೂಡ ಹೆಚ್ಚಾಗಿ ಹಾಗೆಯೇ. ಜೋಳದ ಬ್ರೆಡ್ಡಿನ ಬಾಣಲೆಗೆ ಬೇಕನ್ ಕೊಬ್ಬು ಸವರಿರಬಹುದು, ಬಿಸ್ಕೆಟ್ಟು ಮತ್ತು ಪೈಗಳ ಹಿಟ್ಟಿನಲ್ಲಿ ಹಂದಿಯ ಕೊಬ್ಬು ಇರಬಹುದು. ‘ವೆಜಿಟೇರಿಯನ್ನಾ?’ ಎಂದು ಕೇಳಿದರೆ ‘ಹೌದು, ತರಕಾರಿಯೇ’ ಎನ್ನುತ್ತಾರೆ, ಅವರ ಮಟ್ಟಿಗೆ ಅದು ಸತ್ಯ. ಕೇಳುವ ರೀತಿ ಬೇರೆ: ‘ಇದನ್ನು ಹಂದಿ ಮಾಂಸ ಅಥವಾ ಬೇಕನ್ ಕೊಬ್ಬು ಹಾಕಿ ಬೇಯಿಸಿದ್ದೀರಾ?’ ಮ್ಯಾಕರೋನಿ ಚೀಸ್, ಕೋಲ್‌ಸ್ಲಾ, ಬೇಯಿಸಿದ ಆಲೂಗಡ್ಡೆ ಸಾಮಾನ್ಯವಾಗಿ ನಿರಾತಂಕ. ಮೊಟ್ಟೆಯೂ ಆಗದವರು ಚಟನೂಗದಿಂದ ಬುತ್ತಿ ಕಟ್ಟಿಕೊಂಡು ಬರುವುದೇ ಲೇಸು, ಚಿತ್ರಾನ್ನ ಈ ಕೆಲಸಕ್ಕೇ ಹುಟ್ಟಿದ್ದು. ತಿನ್ನಲು ಕೋರ್ಟಿನ ಮರದ ನೆರಳಿದೆ, ಕಾಗದ, ಎಲೆ ಬಿಟ್ಟು ಬರಬೇಡಿ.

‘ಟೀ’ ಎಂದರೆ ಐಸು ತುಂಬಿದ ಸಿಹಿ ಟೀ ಬರುತ್ತದೆ. ಸಕ್ಕರೆ ಬೇಡದವರು ‘ಅನ್‌ಸ್ವೀಟ್’ ಎನ್ನಬೇಕು, ಬಿಸಿ ಬೇಕಾದವರು ‘ಹಾಟ್ ಟೀ’ ಎಂದು ಒತ್ತಿ ಹೇಳಬೇಕು.

ಹೊತ್ತು ಉಳಿದರೆ

ಊರಿನ ಅಂಚಿನಲ್ಲಿ ಲಾರೆಲ್-ಸ್ನೋ ಕಾಡು ಇದೆ, ಎರಡು ಜಲಪಾತಗಳ ಹೆಸರು ಸೇರಿಸಿ ಇಟ್ಟದ್ದು. ಕಾಲುದಾರಿ ಹಳ್ಳದ ಪಕ್ಕದಲ್ಲಿ ಹೋಗುತ್ತದೆ, ಹಳೆಯ ಕಲ್ಲಿದ್ದಲು ಗಣಿಯ ಪಾಳುಗೋಡೆಗಳು ದಾರಿಯಲ್ಲೇ ಸಿಗುತ್ತವೆ. ಕೋರ್ಟ್‌ಹೌಸ್ ಕಟ್ಟಿದ ಊರು ಯಾವುದರಿಂದ ಬೆಳೆದಿತ್ತು ಎಂಬುದಕ್ಕೆ ಉಳಿದ ಗುರುತು ಅದು. ಜಲಪಾತದವರೆಗೆ ಹೋಗಿಬರಲು ಅರ್ಧ ದಿನ ಬೇಕು, ಮಳೆ ಬಂದ ಮರುದಿನ ಬಂಡೆಗಳು ಜಾರುತ್ತವೆ, ಗಣಿಯ ಬಾಯಿಗಳೊಳಗೆ ಇಣುಕಬಾರದು. ಕೋರ್ಟು ಮತ್ತು ಕಾಡು ಎರಡನ್ನೂ ಒಂದೇ ದಿನಕ್ಕೆ ಸೇರಿಸುವುದಾದರೆ ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಕೋರ್ಟಿಗೆ ಬನ್ನಿ, ಕಾಡು ಮಧ್ಯಾಹ್ನಕ್ಕಿರಲಿ. ತಿರುಗಿಸಿದರೆ ಕೆಸರಿನ ಬೂಟಿನಲ್ಲಿ ಕೋರ್ಟ್ ಹಾಲಿನ ಮೆಟ್ಟಿಲು ಹತ್ತಬೇಕಾಗುತ್ತದೆ, ಅದೂ ಮುಚ್ಚುವ ಹೊತ್ತಿಗೆ.